ತನ್ನ ದನಿಯನ್ನೇ ಕದ್ದವಳ ಪರವಾಗಿ

ಚಲನಚಿತ್ರ ಕೃತಿಸ್ವಾಮ್ಯ ರಕ್ಷಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕ ತನ್ನ ದನಿಯನ್ನು ತಾನೇ ಕದ್ದು ಊರಿಗೆಲ್ಲ ಹಂಚುತ್ತಿದ್ದಾಳೆ ಎಂದು ನಿಮ್ಮ ಕಚೇರಿ ನೋಟಿಸ್ ಕಳುಹಿಸಿದೆ. ನಿಮ್ಮ ಭಾಷೆ ಇಷ್ಟು ಸರಳವಾಗಿಲ್ಲ, ನಿಜ. ಅದರಲ್ಲಿ ‘ಟೊರೆಂಟ್ ಆಧಾರಿತ ಆ್ಯಪ್ ಮೂಲಕ ಚಲನಚಿತ್ರವೊಂದರ ಅನಧಿಕೃತ ವೀಕ್ಷಣೆ ಹಾಗೂ ವಿತರಣೆ’ ಎಂದಿದೆ. ಇಂಟರ್ನೆಟ್ ಸಂಪರ್ಕ ಅಕ್ಕನ ಹೆಸರಿನಲ್ಲಿರುವುದರಿಂದ ಆರೋಪಿಯೂ ಅವಳೇ. ಚಿತ್ರವನ್ನು ಅಳಿಸಿಹಾಕಬೇಕು, ಇಲ್ಲವಾದರೆ ಕ್ರಮ ಜರುಗಿಸಲಾಗುವುದಂತೆ. ಮಾನ್ಯರೇ, ಆ ಚಿತ್ರದ ನಾಯಕಿ ತೆರೆಯ ಮೇಲೆ ಆಡುವ ಪ್ರತಿಯೊಂದು ಮಾತೂ ನನ್ನ ಅಕ್ಕನದು. ಅವಳು ಕಂಠದಾನ ಕಲಾವಿದೆಯಾಗಿದ್ದಳು. ತೆರೆಯ ಮೇಲೆ ಅವಳ ಹೆಸರು ಹಾಕುವ ಸೌಜನ್ಯ ಯಾರಿಗೂ ಇರಲಿಲ್ಲ. ಆ ಚಿತ್ರದ ಜೊತೆಗೆ ಅವಳ ಹೆಸರು ಮೊದಲ ಬಾರಿಗೆ ಅಚ್ಚಾದದ್ದು ನಿಮ್ಮ ನೋಟಿಸಿನಲ್ಲೇ. ಅದಕ್ಕಾಗಿ ಮೊದಲು ಕೃತಜ್ಞತೆಗಳು.

ನಾನು ಕಾನೂನನ್ನು ಕಂಡರೆ ಮೂಗು ಮುರಿಯುವ ಜಾಯಮಾನದವನಲ್ಲ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು. ಶೌಚಾಲಯದಲ್ಲಿ ಅಡಗಿದವರನ್ನೂ, ನನ್ನನ್ನು ಕಂಡೊಡನೆ ಗೊರಕೆ ಹೊಡೆಯತೊಡಗುವವರನ್ನೂ ಬೇಕಾದಷ್ಟು ನೋಡಿದ್ದೇನೆ. ಪುಕ್ಕಟೆ ಪ್ರಯಾಣಿಕರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಹೊಸ ಸಿನಿಮಾವನ್ನು ಬಿಡುಗಡೆಯಾದ ದಿನವೇ ಕದ್ದು ನೋಡಿ, ಎದೆಯುಬ್ಬಿಸಿಕೊಂಡು ವಿಮರ್ಶೆ ಬರೆಯುವ ಮಹನೀಯರನ್ನು ನೀವು ಹಿಡಿದರೆ ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಆದರೆ ಅಂಥವರು ಯಾರೂ ನಿಮ್ಮ ಕೈಗೆ ಸಿಕ್ಕಂತಿಲ್ಲ. ಸಿಕ್ಕಿದ್ದು ಮಾತು ನಿಂತುಹೋದ ನನ್ನ ಅಕ್ಕ.

ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿ ವೈದ್ಯರು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಾಗ ತಡವಾಗಿ ಹುಟ್ಟಿದ ಅವಳ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಈಗ ಹುಡುಗಿ ಕಾಲೇಜಿಗೆ ಹೋಗುತ್ತಾಳೆ. ಅಮ್ಮ ಮೇಜು ಮೆಲ್ಲಗೆ ತಟ್ಟಿದರೆ ಊಟಕ್ಕೆ ಬಾ, ಜೋರಾಗಿ ತಟ್ಟಿದರೆ ಬೈಗುಳ. ಅವಳು ಬಲ್ಲ ಅಮ್ಮನ ದನಿ ಅಷ್ಟೇ. ಒಂದು ದಿನ ಕೇಳಿದಳು: “ಮಾಮ, ಅಮ್ಮನ ವಾಯ್ಸ್ ಹೇಗಿತ್ತು? ನನ್ ಥರಾನೇ ಇತ್ತಾ?” ಒಂದು ದನಿ ಹೇಗಿತ್ತೆಂದು ಬಾಯಲ್ಲಿ ಹೇಳುವುದು ಹೇಗೆ? ಅಕ್ಕ ಮಾಡಿದ ಉಳಿದ ಕೆಲಸವೆಲ್ಲ ಗುಂಪಿನಲ್ಲಿ ಗೋವಿಂದ. ಮಾರುಕಟ್ಟೆಯ ಗದ್ದಲ, ಫೋನಿನ ಆಚೆಯ ನರ್ಸು, ಇಂಥವೇ. ಇಡೀ ಸಿನಿಮಾ ಅವಳ ದನಿ ಇದ್ದದ್ದು ಅದೊಂದರಲ್ಲೇ.

ದುಡ್ಡು ಕೊಟ್ಟೇ ನೋಡಲು ಹೊರಟೆ. ಯಾವ ಅಂಗಡಿಯಲ್ಲೂ ಡಿಸ್ಕ್ ಇಲ್ಲ, ಯಾವ ಓಟಿಟಿಯಲ್ಲೂ ಅದರ ಸುಳಿವಿಲ್ಲ. ನಿರ್ಮಾಪಕರಿಬ್ಬರು ಕಿತ್ತಾಡಿಕೊಂಡು ಬೇರೆಯಾಗಿದ್ದಾರೆ, ಹಕ್ಕು ಯಾರದೆಂಬ ವ್ಯಾಜ್ಯ ನ್ಯಾಯಾಲಯದಲ್ಲಿ ಕೊಳೆಯುತ್ತಿದೆ. ಅವರಲ್ಲೊಬ್ಬರಿಗೆ ಫೋನ್ ಮಾಡಿದೆ. “ಆ ಸಿನಿಮಾನಾ?” ಎಂದು ನಕ್ಕರು. “ಅದನ್ನ ಯಾರ್ ನೋಡ್ತಾರೆ ಸಾರ್? ನಮ್ಮ ಹತ್ರಾನೇ ಪ್ರಿಂಟ್ ಇಲ್ಲ. ಇದ್ರೂ ಕೇಸ್ ಮುಗಿಯೋ ತನಕ ಮುಟ್ಟೋ ಹಾಗಿಲ್ಲ, ಬಿಟ್ಬಿಡಿ.” ನಿಮಗೆ ದೂರು ಕೊಟ್ಟವರು ಇದೇ ಮಹಾಶಯರು. ಯಾರೂ ನೋಡದ, ತಮ್ಮ ಬಳಿಯೂ ಇಲ್ಲದ ಚಿತ್ರದಿಂದ ಅವರಿಗಾದ ನಷ್ಟವನ್ನು ನೀವು ಯಾವ ತಕ್ಕಡಿಯಲ್ಲಿ ತೂಗಿದಿರೋ ನಾನು ಕಾಣೆ.

ಕೊನೆಗೆ ಅಕ್ಕನ ಮಗಳು ಅದೆಲ್ಲಿಂದಲೋ ಆ ಆ್ಯಪ್ ಹುಡುಕಿ ಟೀವಿಗೆ ಹಾಕಿದಳು. “ಡೌನ್‌ಲೋಡ್ ಏನೂ ಮಾಡಲ್ಲ ಮಾಮ, ಸುಮ್ನೆ ನೋಡೋದು ಅಷ್ಟೆ” ಎಂದಳು. ಪಕ್ಕದವನ ಪತ್ರಿಕೆಯನ್ನು ಹೆಗಲ ಮೇಲಿಂದ ಓದಿದ ಹಾಗೆ ಇರಬೇಕು ಎಂದುಕೊಂಡೆ. ಸಿನಿಮಾ ಶುರುವಾಯಿತು. ನಾಯಕಿ ಬಾಯಿ ತೆರೆದಳು, ಅಕ್ಕನ ದನಿ ಕೋಣೆಯ ತುಂಬ ಬಂತು. ಹುಡುಗಿ ಪರದೆಯತ್ತ ನೋಡಲೇ ಇಲ್ಲ, ಅಮ್ಮನ ಮುಖವನ್ನೇ ನೋಡುತ್ತ ಕುಳಿತಳು. ಅಕ್ಕನ ತುಟಿ ಅಲುಗುತ್ತಿತ್ತು. ಒಂದು ಕಾಲಕ್ಕೆ ಸ್ಟುಡಿಯೋದ ಕತ್ತಲಲ್ಲಿ ನಿಂತು ಯಾರದೋ ತುಟಿಗೆ ದನಿ ಹೊಂದಿಸುತ್ತಿದ್ದವಳು ಈಗ ತನ್ನದೇ ದನಿಗೆ ತುಟಿ ಹೊಂದಿಸುತ್ತಿದ್ದಳು, ಒಂದಕ್ಷರವೂ ಹಿಂದೆಮುಂದಾಗದಂತೆ. ನನಗೆ ಅಳು ತಡೆಯಲಾಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ನೋಟಿಸ್ ಬಂದ ಮೇಲೆ ನಿಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಕುರ್ಚಿ ಕೊಟ್ಟು ಕೂರಿಸಿ ಕಾನೂನನ್ನು ಬಿಡಿಸಿ ಹೇಳಿದರು.

“ಆ್ಯಪ್ ಇಟ್ಕೊಳ್ಳೋದು ತಪ್ಪಲ್ಲ ಸಾರ್. ಟೊರೆಂಟ್ ಅನ್ನೋದೂ ತಪ್ಪಲ್ಲ. ಹಕ್ಕಿರೋರು ಒಪ್ಪಿರೋದನ್ನ ಎಷ್ಟು ಬೇಕಾದ್ರೂ ನೋಡಿ. ಒಪ್ಪದೇ ಇರೋದನ್ನ ನೋಡಿದ್ರೆ ತಪ್ಪು.”

“ಸರಿ, ನೋಡಿದ್ವಿ. ಆದ್ರೆ ಹಂಚಿದ್ದು ಯಾವಾಗ?”

“ನೋಡ್ತಾ ನೋಡ್ತಾನೇ ಹಂಚಿದೀರಾ. ಇದು ಕೆಲಸ ಮಾಡೋದೇ ಹಾಗೆ. ನಿಮಗೆ ಬಂದ ತುಣುಕನ್ನ ನಿಮ್ಮಲ್ಲೇ ಉಳಿಸ್ಕೊಂಡು, ಹಾಗೇ ಇನ್ನೊಬ್ಬರಿಗೆ ದಾಟಿಸ್ತಾ ಇರುತ್ತೆ.”

“ನಮ್ಮನ್ನ ಕೇಳದೇನೇ?”

“ಇನ್‌ಸ್ಟಾಲ್ ಮಾಡುವಾಗ ಒಪ್ಕೊಂಡಿರ್ತೀರಲ್ಲ ಸಾರ್.”

ಹಾಗೆ ಒಪ್ಪಿಕೊಳ್ಳುವ ಮುಂಚೆ ಆ ಷರತ್ತುಗಳನ್ನು ತಾವೆಂದಾದರೂ ಓದಿದ್ದೀರಾ ಎಂದು ಅವರನ್ನು ಕೇಳಿದೆ. ಸಭ್ಯರು, ಕಿಟಕಿಯತ್ತ ನೋಡಿದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ: ನಮ್ಮ ಮನೆಯಿಂದ ನಿನ್ನ ದನಿ ತುಣುಕು ತುಣುಕಾಗಿ ಯಾರ್ಯಾರದೋ ಮನೆಗೆ ಹೋಗುತ್ತಿದೆಯಂತೆ. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು. ಈ ಹೊತ್ತು ಎಷ್ಟು ಮಂದಿಗೆ ಹೋಗುತ್ತಿದೆ ಎಂದು ಆ್ಯಪಿನ ಮೂಲೆಯಲ್ಲೊಂದು ಅಂಕಿ ತೋರಿಸುತ್ತದೆ, ಅದನ್ನು ಬೆರಳಿಟ್ಟು ಮಗಳಿಗೆ ತೋರಿಸಿದಳು. ಆ್ಯಪನ್ನು ಆರಿಸಲು ಚಾಚಿದ ನನ್ನ ಕೈಮೇಲೆ ಪಟ್ಟನೆ ಹೊಡೆದಳು. ಫೋನಿನಲ್ಲಿ ಟೈಪ್ ಮಾಡಿ ನನ್ನ ಮೂಗಿನ ಮುಂದೆ ಹಿಡಿದಳು: “ಕೇಳ್ಲಿ ಬಿಡೋ. ಇಷ್ಟು ವರ್ಷ ಯಾರ್ ಕೇಳಿದಾರೆ ನನ್ ಮಾತು?” ಹಾಗಾಗಿ ಅದು ಇನ್ನೂ ಆರಿಲ್ಲ. ಮೊದಲು ಅರಿಯದೆ ಹಂಚಿದೆವು, ಈಗ ಅರಿತೇ ಹಂಚುತ್ತಿದ್ದೇವೆ. ನಿಮ್ಮಿಂದ ಬಚ್ಚಿಡುವುದಿಲ್ಲ.

ಇದು ತಪ್ಪಲ್ಲವೇ ಎನ್ನುತ್ತೀರಿ. ತಪ್ಪೇ. ಆದರೆ ನನ್ನ ಕೆಲಸದಲ್ಲಿ ಒಂದು ರೂಢಿಯಿತ್ತು. ಸಣ್ಣ ನಿಲ್ದಾಣದಲ್ಲಿ ಟಿಕೆಟ್ ಕೌಂಟರ್ ಮುಚ್ಚಿದ್ದು, ಅಲ್ಲಿ ಹತ್ತಿದವರು ತಾವಾಗಿ ಬಂದು ಹೇಳಿದರೆ, ದಂಡ ಹಾಕದೆ ಬರೀ ಟಿಕೆಟ್ ಹಣ ತೆಗೆದುಕೊಂಡು ರಸೀದಿ ಬರೆದುಕೊಡುತ್ತಿದ್ದೆವು. ಕೌಂಟರ್ ಮುಚ್ಚಿದ್ದು ಪ್ರಯಾಣಿಕನ ತಪ್ಪಲ್ಲ ಎಂಬಷ್ಟು ಬುದ್ಧಿ ರೈಲಿಗೂ ಇತ್ತು. ನಿಮ್ಮ ವಿಭಾಗಕ್ಕೆ ಅಷ್ಟು ಬುದ್ಧಿ ಬರಲು ಇನ್ನೆಷ್ಟು ತಂತ್ರಜ್ಞಾನ ಬೇಕು? ಕೊಳ್ಳಲು ಸಿಗುವುದನ್ನು ಕದ್ದವನೂ, ಎಲ್ಲೂ ಸಿಗದ್ದನ್ನು ಹುಡುಕಿಕೊಂಡವಳೂ ನಿಮ್ಮ ಕಣ್ಣಿಗೆ ಒಂದೇ ಏಕೆ? ‘ಹಕ್ಕು ನಿಮ್ಮದಾದರೆ ಒಂದು ಪ್ರತಿಯನ್ನಾದರೂ ಉಳಿಸಿಕೊಳ್ಳಿ, ಕೇಳಿದವರಿಗೆ ಮಾರಿ’ ಎಂದು ಆ ನಿರ್ಮಾಪಕರಿಗೊಂದು ನೋಟಿಸ್ ಕಳುಹಿಸಲು ನಿಮ್ಮಲ್ಲಿ ಕಾಗದ ಮುಗಿದಿದೆಯೇ?

ನನ್ನ ಬೇಡಿಕೆ ಇಷ್ಟೇ. ಆ ಚಿತ್ರವನ್ನು ನೋಡಲು ಕಾನೂನಿನ ದಾರಿಯೊಂದನ್ನು ತೆರೆಸಿ. ಹಣ ಹಿಡಿದು ಮೊದಲು ನಿಲ್ಲುವವನು ನಾನೇ, ಅಂದೇ ಆ ಆ್ಯಪ್ ಮನೆಯಿಂದ ಹೊರಗೆ. ಅಲ್ಲಿಯವರೆಗೆ, ಅಳಿಸಿ ಎಂಬ ಆದೇಶವನ್ನು ತಡೆಹಿಡಿಯಿರಿ. ಪ್ರತಿ ಇಟ್ಟುಕೊಂಡ ಉಳಿದವರಿಗೂ ಇದೇ ನೋಟಿಸ್ ಹೋಗಿದೆಯೆಂದು ನಿಮ್ಮ ಸಹಾಯಕರೇ ಹೇಳಿದರು. ಎಲ್ಲರೂ ವಿಧೇಯರಾಗಿ ಅಳಿಸಿಬಿಟ್ಟರೆ, ಒಬ್ಬ ಹುಡುಗಿಗೆ ತನ್ನ ಅಮ್ಮನ ದನಿ ಇನ್ನೆಲ್ಲೂ ಸಿಗುವುದಿಲ್ಲ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ನಿಮ್ಮ ಎರಡನೆಯ ನೋಟಿಸ್ ಬಂತು. ‘ಆರೋಪಿಯು ಖುದ್ದು ಹಾಜರಾಗಿ ಮೌಖಿಕ ಹೇಳಿಕೆ ನೀಡತಕ್ಕದ್ದು. ಲಿಖಿತ ಹೇಳಿಕೆಯನ್ನು ಪರಿಗಣಿಸಲಾಗುವುದಿಲ್ಲ.’ ಅಕ್ಕ ಓದಿ, ಭುಜ ಕುಲುಕಿಸಿಕೊಂಡು ನಕ್ಕಳು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರುತ್ತಾಳೆ, ಮಾನ್ಯರೇ. ಅವಳ ಮಾತು ಕೇಳಬೇಕೆಂದರೆ ನಿಮ್ಮ ಕೋಣೆಯಲ್ಲಿ ನಿಮ್ಮ ವೈಫೈಯಲ್ಲೇ ಆ ಚಿತ್ರ ಹಾಕಬೇಕಾಗುತ್ತದೆ, ಹಾಕಿದೊಡನೆ ವಿತರಕರ ಸಾಲಿನಲ್ಲಿ ನೀವೂ ನಿಲ್ಲುತ್ತೀರಿ. ಅದು ಬೇಡವಾದರೆ, ಅವಳ ಎದುರು ಮೈಕ್ ಇಟ್ಟುಕೊಂಡು ಕುಳಿತಿರಿ, ಅವಳು ಬಾಯಿ ತೆರೆದಾಗ ಏನು ಕೇಳಿಸಿತೋ ಅದನ್ನು ಹಾಗೆಯೇ ದಾಖಲಿಸಿಕೊಳ್ಳಿ.

ಇಂತಿ,
ಆರೋಪಿಯ ತಮ್ಮ, ಕೃತ್ಯದಲ್ಲಿ ಸಹಪ್ರೇಕ್ಷಕ,
ಒಬ್ಬ ನಿವೃತ್ತ ಟಿಕೆಟ್ ತಪಾಸಕ