ಗಡಿಯಾರದವರ ಕಣ್ಣಿಗೆ ಹೊಸ ಗ್ಲಾಸು

ರೀ, ಕಣ್ಣಿನ ಡಾಕ್ಟರ ಹತ್ತಿರ ಎಲ್ಲಾ ಕೇಳಿಕೊಂಡು ಬಂದೆ! ಬಂದಾಗ ನೀವು ನಿದ್ದೆಯಲ್ಲಿದ್ದಿರಿ. ನನಗೆ ಹೊಲಿಗೆ ಅಂಗಡಿಗೆ ಹೊತ್ತಾಯಿತು.

ಊಟ ಮುಚ್ಚಿಟ್ಟಿದ್ದೇನೆ, ಬೆಕ್ಕು ಜೋಕೆ.

ಪೊರೆ ಬಲಿಯುವವರೆಗೂ ಕಾಯಬೇಕೆಂಬ ನಿಮ್ಮ ವಾದ ಹಳೇ ಕಾಲದ್ದಂತೆ. ಲೇಸರಿನಲ್ಲಿ ಕೊಯ್ಯುವುದು ಬ್ಲೇಡಲ್ಲ, ಬೆಳಕು! ಕಣ್ಣೊಳಗಿನ ಮಂಜಾದ ಮಸೂರವನ್ನೂ ಅದೇ ಚೂರು ಮಾಡುತ್ತದೆ. ಡಾಕ್ಟರು ಅದನ್ನು ಹೀರಿ ತೆಗೆದು ಹೊಸದು ಕೂರಿಸುತ್ತಾರೆ. "ಮಾಮೂಲಿ ಆಪರೇಷನ್ನೂ ಅಷ್ಟೇ ಚೆನ್ನಾಗಿ ಆಗುತ್ತಮ್ಮ, ಕಣ್ಣು ನೋಡಿ ಹೇಳ್ತೀನಿ" ಅಂದರು. ಬ್ಲೇಡೆಂದರೆ ಹೌಹಾರುವವರು ನೀವು, ಅದಕ್ಕೇ ಲೇಸರ್ ವಿಚಾರಿಸಿದೆ.

ನಲವತ್ತು ವರ್ಷ ಊರವರ ವಾಚಿನ ಮಸುಕು ಗ್ಲಾಸು ಬದಲಿಸಿದವರಿಗೆ ನಾನು ಬಿಡಿಸಿ ಹೇಳಬೇಕೇ? ಮೊನ್ನೆ ಅಂಗೈಯಲ್ಲೇ ಇದ್ದ ಸ್ಕ್ರೂವಿಗೆ ನೆಲವೆಲ್ಲಾ ತಡಕಾಡಿದಿರಿ. ನಾನು ಕಂಡೂ ಕಾಣದವಳಂತೆ ಒಳಗೆ ಹೋಗಿ ಅತ್ತುಬಿಟ್ಟೆ.

ಈ ಚೀಟಿಯನ್ನು ದಪ್ಪ ಅಕ್ಷರದಲ್ಲಿ ಶುರುಮಾಡಿ ಸಾಲುಸಾಲಿಗೂ ಸಣ್ಣದು ಮಾಡುತ್ತಾ ಬಂದಿದ್ದೇನೆ. ಇದನ್ನು ನೀವೇ ಓದಿದ್ದರೆ ನಾನು ಸೋತೆ. ಮೊಮ್ಮಗಳು ಓದಿ ಹೇಳುತ್ತಿದ್ದರೆ ಇಸ್ತ್ರಿ ಅಂಗಿ ಹಾಕಿಕೊಳ್ಳಿ; ನಾಲ್ಕು ಗಂಟೆಗೆ ಡಾಕ್ಟರು ನಿಮ್ಮ ಕಣ್ಣು ನೋಡುತ್ತಾರೆ.

ಪುಟ್ಟೀ, ನಗಬೇಡ. ತಾತನ ಕೈ ಹಿಡಿದುಕೊಂಡು ಬಾ.