ಕುಲಾಯಿ ಹಾಕಿದ ಗುಂಡುಕಲ್ಲು

ಭೀಮರಾಯನಗುಡಿ
16-11-2025, ಭಾನುವಾರ

ಸುರಪುರದ ನನ್ನ ಹಠಮಾರಿ ಅವ್ವನಿಗೆ ಸೌಭಾಗ್ಯಳ ನಮಸ್ಕಾರ, ಅದರ ಹಿಂದೆಯೇ ಸಿಟ್ಟು.

ಫೋನಿನಲ್ಲಿ ಬೈದರೆ ಕಟ್ ಮಾಡಿಬಿಡುತ್ತೀ. ಅದಕ್ಕೇ ಕಾಗದ. ಪೂರ್ತಿ ಓದು.

ಪೊಲೀಸ್ ಭರ್ತಿಯ ಓಟದ ಪರೀಕ್ಷೆಗೆ ಇನ್ನು ಇಪ್ಪತ್ತೇ ದಿನ. ನನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಇವರು ನಸುಕಿನಲ್ಲೇ ಕಾಲುವೆ ಗೇಟಿನ ಡ್ಯೂಟಿಗೆ ಹೋಗುತ್ತಾರೆ, ಅತ್ತೆಗೆ ಮೊಣಕಾಲು ನೋವು, ನಿನಗೆ ಅಂಗನವಾಡಿ ಬಿಟ್ಟು ಬರಲಾಗದು. ಎಂಟು ತಿಂಗಳ ಶಿವಾನಿಯನ್ನು ಯಾರ ಕೈಗೆ ಕೊಟ್ಟು ಓಡಲಿ? ಕೂಸನ್ನು ಕೂರಿಸಿ, ತಳ್ಳಿಕೊಂಡೇ ಓಡುವ ಗಾಡಿ ಬೇಕೆಂದದ್ದು ಅದಕ್ಕೆ.

ಯಾದಗಿರಿಯಿಂದ ತಂದ ಗಾಡಿಯ ಪುಟಾಣಿ ಗಾಲಿಗಳು ಕಾಲುವೆ ದಂಡೆಯ ಎರೆಮಣ್ಣಿನಲ್ಲಿ ಹೂತು ನಿಂತವು. ಆನ್‌ಲೈನಿನಲ್ಲಿ ತರಿಸಿದ್ದರ ಹಿಡಿಕೆ ಗಿಡ್ಡ, ಬಗ್ಗಿ ಓಡಿ ನಡು ಹಿಡಿಯಿತು. ಕೊನೆಗೆ ನಿನಗೇ ಅಲ್ಲಿ ದೊಡ್ಡ ಗಾಲಿಯದು ಸಿಕ್ಕಿತು. ಬಸ್ಸಿಗೆ ಹಾಕು ಎಂದೆ. ಇಷ್ಟೇ ಹೇಳಿದ್ದು!

ಖಾಲಿ ತೊಟ್ಟಿಲು ತೂಗಬಾರದು, ನಿಜ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುತ್ತೇವೆ, ಅದೂ ನಿಜ. ಆದರೆ ಬಸ್ಸಿನಲ್ಲಿ ಬರುವ ಗಾಡಿಯೂ ಖಾಲಿ ಇರಬಾರದೆಂದು ಅದರಲ್ಲಿ ಖಾರ ಅರೆಯುವ ಗುಂಡುಕಲ್ಲು ಕಟ್ಟಿ, ಕೂಸಿನ ತಲೆಗೆ ಹಾಕುವ ಕುಲಾಯಿ ಬೇರೆ ಅದಕ್ಕೆ ಹಾಕಿ ಕಳಿಸುತ್ತಾರೇನು? ದಾರಿಯುದ್ದಕ್ಕೂ ಕುಣಿದು ಮುಂದಿನ ಗಾಲಿಯ ಸರಳು ಸೊಟ್ಟಗಾಗಿತ್ತು. ಕಂಡಕ್ಟರ್ ಇಳಿಸಿಕೊಡುತ್ತ, "ಕೂಸು ಭಾಳ ತೂಕ ಐತ್ರಿ ಅಕ್ಕಾರ" ಎಂದು ನಕ್ಕ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಶಹಾಪುರದ ಸೈಕಲ್ ಅಂಗಡಿಯ ಫಿರೋಜ್ ನಾಲ್ಕು ದಿನ ಇಟ್ಟುಕೊಂಡು ರಿಪೇರಿ ಮಾಡಿದ. ಇವತ್ತು ಇವರಿಗೆ ರಜೆ. ಕೂಸನ್ನು ಇವರಿಗೆ ಕೊಟ್ಟು, ಗಾಡಿ ಓಡಿಸಿ ನೋಡೋಣವೆಂದು ಅಂಗಳ ದಾಟುವಷ್ಟರಲ್ಲಿ ಅತ್ತೆ ಕೂಗಿದರು: "ಖಾಲಿ ತಳ್ಳಬ್ಯಾಡ!" ನೀವಿಬ್ಬರೂ ಒಂದೇ. ಮತ್ತೆ ಅದೇ ಕಲ್ಲು, ಅದೇ ಕುಲಾಯಿ. ದಂಡೆಯ ಮೇಲೆ ಗುರಪ್ಪ ಮಾಸ್ತರರು ತಡೆದು, "ಮಾರಿ ತೋರ್ಸವ್ವಾ" ಎಂದು ಕೂಸಿನ ಮುಖ ನೋಡಲು ಬಗ್ಗಿ, ಕನ್ನಡಕ ಒರೆಸಿಕೊಳ್ಳುತ್ತ ಹೊರಟುಹೋದರು. ಆದರೂ ಆ ಕಲ್ಲನ್ನು ತಳ್ಳಿಕೊಂಡು ಪರೀಕ್ಷೆಯಷ್ಟೂ ದೂರ ಓಡಿದೆ. ಗಾಡಿ ಇನ್ನೂ ಎಡಕ್ಕೆ ಎಳೆಯುತ್ತದೆ, ಎಡಕ್ಕೆ ಕಾಲುವೆ. ಸಾಕಾಗಿದೆ ಅವ್ವ, ಅಳು ಬರುವಷ್ಟು ಸಾಕಾಗಿದೆ. ನಾಳೆ ಹೇಗೆ ಓಡಲಿ, ನೀನೇ ಹೇಳು.

ಸಿಟ್ಟಿನಲ್ಲಿದ್ದರೂ ನಿನ್ನವಳೇ ಆದ,
ಸೌಭಾಗ್ಯ

ತಾ.ಕ.: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ, ಇವತ್ತು ಸೋಮವಾರ. ಅತ್ತೆಗೆ ಮೊಣಕಾಲು ನೋವಿಲ್ಲ, ಅವ್ವ. ಸುಳ್ಳು ಹೇಳಿದ್ದೆ. "ಹಡೆದಾಕಿ ರಸ್ತಿ ಮ್ಯಾಲ ಓಡೋದು ನನಗ ಸೇರಂಗಿಲ್ಲ, ಕೂಸನ್ನ ನಾ ಹಿಡಿಯಂಗಿಲ್ಲ" ಎಂದಿದ್ದರು. ನಿನಗೆ ನೋವಾದೀತೆಂದು ಮುಚ್ಚಿಟ್ಟೆ. ನಸುಕಿನಲ್ಲಿ ಶಿವಾನಿಯನ್ನು ಗಾಡಿಯಲ್ಲಿ ಕೂರಿಸಿ ಹೊರಟರೆ, ಅತ್ತೆ ದಂಡೆಯವರೆಗೂ ಹಿಂದೆಯೇ ಬಂದು ಹಿಡಿಕೆ ಕಸಿದುಕೊಂಡರು. "ಕಲ್ಲು ತಳ್ಕೊಂಡು ಓಡಿದಾಕಿ ನೀ, ಇನ್ನ ನಿಲ್ಲಾಕಿ ಅಲ್ಲ. ಇಲ್ಲಿ ಕೊಡು, ಹೋಗು" ಎಂದರು. ಬರಿಗೈಯಲ್ಲಿ ಓಡಿದೆ, ಮೊದಲ ಸಲ ಪರೀಕ್ಷೆಯ ವೇಳೆಯೊಳಗೆ ಗುರಿ ಮುಟ್ಟಿದೆ. ಕಲ್ಲು ವಾಪಸ್ ಕೇಳಬೇಡ. ಮಧ್ಯಾಹ್ನ ಅದರಲ್ಲೇ ಅತ್ತೆ ನನ್ನ ರೊಟ್ಟಿಗೆಂದು ಶೇಂಗಾ ಹಿಂಡಿ ಅರೆದಿಟ್ಟರು.