ಎದೆಗೆ ಹಚ್ಚುವ ಕೊಬ್ಬು ರೈಲಿಗೆ

ಡೆವನ್ ಕಡಲ ದಂಡೆ, ಜನವರಿ ೧೮೪೮

ಅವ್ವಾ,

ನೀನು ನಂಬಲಿಕ್ಕಿಲ್ಲ, ಇಲ್ಲಿನ ರೈಲಿಗೆ ಎಂಜಿನ್ನೇ ಇಲ್ಲ. ಹಳಿಗಳ ನಡುವೆ ಒಂದು ಕೊಳವೆಯಿದೆ. ಮುಂದಿನ ನಿಲ್ದಾಣದ ಪಂಪು ಅದರೊಳಗಿನ ಗಾಳಿಯನ್ನು ಹೀರಿದರೆ ಒಳಗಿನ ಬಿರಡೆ ಮುಂದಕ್ಕೋಡುತ್ತದೆ, ಕೊಳವೆಯ ಮೇಲಿನ ಉದ್ದನೆಯ ಸೀಳಿನ ಮೂಲಕ ಅದಕ್ಕೆ ಕಟ್ಟಿದ ಗಾಡಿಯೂ ಓಡುತ್ತದೆ. ಆ ಸೀಳಿಗೆ ಚರ್ಮದ ಮುಚ್ಚಳವಿದೆ. ಗಾಳಿ ಸೋರದಂತೆ ಅದಕ್ಕೆ ಕೊಬ್ಬು ಮೆತ್ತುವುದೇ ನನ್ನ ಕೆಲಸ.

ಇವತ್ತು ಚಳಿಗೆ ಚರ್ಮ ಸೆಟೆದುಕೊಂಡಿತ್ತು, ಮೆತ್ತಿದ್ದ ಕೊಬ್ಬನ್ನು ಇಲಿಗಳು ನೆಕ್ಕಿ ಮುಗಿಸಿದ್ದವು. ಗಾಡಿ ಉಬ್ಬಸದ ಮುದುಕನಂತೆ ಸುಯ್ಯೆಂದು ನಿಂತೇಬಿಟ್ಟಿತು. ಮೂರನೇ ದರ್ಜೆಯವರನ್ನು ಇಳಿಸಿ ತಳ್ಳಿಸಿದೆವು.

“ದುಡ್ಡು ಕೊಟ್ಟೋಳೂ ನಾನೇ, ತಳ್ಳೋಳೂ ನಾನೇನಾ? ಇದಕ್ಕಿಂತ ನನ್ನ ಕತ್ತೆ ವಾಸಿ ಕಣೋ!” ಎಂದು ಮೀನು ಮಾರುವವಳೊಬ್ಬಳು ನನ್ನ ಮೇಲೆ ಹರಿಹಾಯ್ದಳು.

“ಗಾಡಿ ಹೊರಡದಿದ್ರೆ ನೀನು ಮನೆಗೆ ಹೊರಡು,” ಎಂದು ನನ್ನನ್ನು ಗದರಿದ ಮೇಸ್ತ್ರಿ ನ್ಯಾರಕಾಟ್.

ಬೇರೆ ದಾರಿ ಕಾಣದೆ, ಕೆಮ್ಮಿಗೆ ಎದೆಗೆ ಹಚ್ಚಿಕೊಳ್ಳೆಂದು ನೀನು ಕಳಿಸಿದ್ದ ಬಾತುಕೋಳಿ ಕೊಬ್ಬನ್ನು ಡಬ್ಬಿ ಬರಿದಾಗುವವರೆಗೂ ಸೋರುವ ಕಡೆ ತಿಕ್ಕಿದೆ. ಗಾಡಿ ಬಾಣದಂತೆ ಹಾರಿತು, ತಳ್ಳುತ್ತಿದ್ದವರನ್ನೆಲ್ಲ ಇಲ್ಲೇ ಬಿಟ್ಟು! ನ್ಯಾರಕಾಟ್ ಹೇಗೋ ಜಿಗಿದು ಹತ್ತಿಕೊಂಡ. “ಇನ್ನೂ ಆರು ಡಬ್ಬಿ ಕಳಿಸೋಕೆ ನಿಮ್ಮವ್ವಂಗೆ ಬರಿಯೋ!” ಎಂದು ಅಲ್ಲಿಂದಲೇ ಕೂಗಿದ.

ನೀನು ಏಳು ಡಬ್ಬಿ ಕಳಿಸು, ಒಂದು ನನ್ನ ಎದೆಗೆ. ಪಂಪುಮನೆಯ ಕಲ್ಲಿದ್ದಲ ರಾಶಿಯ ಹಿಂದೆ ಅಡಗಿ ಬರೆಯುತ್ತಿದ್ದೇನೆ. ಮೀನಿನವಳು ಬುಟ್ಟಿ ಹಿಡಿದು ನನ್ನನ್ನೇ ಹುಡುಕುತ್ತಿದ್ದಾಳೆ. ರೈಲಿನ ಉಬ್ಬಸವೇನೋ ವಾಸಿಯಾಯಿತು ಅವ್ವಾ, ನನಗೀಗ ಕೆಮ್ಮು ಬರುತ್ತಿದೆ.

ನಿನ್ನ ಸೈಲಸ್